ಹೆಸರು ಕರೆದರೆ ಓಗೊಡಬೇಡ

ಜೂನ್ 6

ಅಕ್ಕಾ,

ಮೊದಲು ನಿನ್ನ ಎದೆಯ ಡವಡವ ಇಳಿಸುವ ಸುದ್ದಿ ಹೇಳಿಬಿಡುತ್ತೇನೆ: ನಿನ್ನ ಮಗಳು ಬಂದು ತಲುಪಿದಳು. ಬೆನ್ನಿಗೊಂದು ಚೀಲ, ಕೈಯಲ್ಲೊಂದು ನೀರಿನ ಬಾಟಲಿ, ಮುಖದ ತುಂಬ ಧೂಳು. ಬಸ್ಸಿನ ಬಾಗಿಲಲ್ಲೇ ತಬ್ಬಿಕೊಂಡೆ. ಕಂಬ ತಬ್ಬಿಕೊಂಡ ಹಾಗಿತ್ತು. ಪಾಪ, ದಾರಿಯ ಆಯಾಸ.

ಮೂರು ವರ್ಷದವಳಿದ್ದಾಗ ಒಗ್ಗರಣೆಯಲ್ಲಿ ಸಿಡಿಯುವ ಹಾಗೆ ಮಾತಾಡುತ್ತಾಳೆಂದು ನಾನೇ ಇಟ್ಟ ಹೆಸರಲ್ಲವೇ ಸಾಸಿವೆ? ಈಗ ಬೆಳೆದಿದ್ದಾಳೆ, ಗಾಂಭೀರ್ಯ ಬಂದಿದೆ. ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ, ಏನೂ ಯೋಚನೆ ಮಾಡಬೇಡ. ಮಲಗುವಾಗ ಚಪ್ಪಲಿ ಬಿಚ್ಚುವುದಿಲ್ಲ, ಅದೊಂದು. ಹಾಸಿಗೆ ಒಗೆಯುವ ಸೋಪು ಅಗ್ಗವಾಗಿದೆ, ಇರಲಿ ಬಿಡು.

ನಾಳೆಯಿಂದಲೇ ನನ್ನ ತರಗತಿಗೆ ಕರೆದುಕೊಂಡು ಹೋಗುತ್ತೇನೆ. ನಿನ್ನಂಥ ದೊಡ್ಡ ಟೀಚರಮ್ಮನ ಮುಂದೆ ಇದನ್ನು ತರಗತಿ ಎನ್ನಲು ನಾಚಿಕೆ. ಶಾಲೆಯ ಹಿಂದೆ ಮುರಿದ ಬೆಂಚು ಒಟ್ಟುತ್ತಿದ್ದ ತಗಡಿನ ಶೆಡ್ಡು. ಬಂದೂಕಿನ ಗಲಾಟೆಗೆ ಓದು ಅರ್ಧಕ್ಕೆ ನಿಂತು ಊರು ಬಿಟ್ಟು ಬಂದ ಮಕ್ಕಳನ್ನು ಇಲ್ಲಿ ಕೂರಿಸಿ ಕಲಿಸುತ್ತೇವೆ, ಸರಿಸಮ ಆದ ಮೇಲೆ ಮುಂದಿನ ಕಟ್ಟಡದ ತರಗತಿಗಳಿಗೆ ಕಳಿಸುತ್ತೇವೆ. ನಿನ್ನ ಶಾಲೆಯ ಇನ್ನೂ ಕೆಲವು ಮಕ್ಕಳು ಅದೇ ಬಸ್ಸಿನಲ್ಲಿ ಬಂದಿದ್ದಾರೆ. ಅವರ ಮನೆಯವರೆಲ್ಲ ಸಂತೆ ಬಯಲಿನ ಪಕ್ಕದ ಗೋದಾಮಿನಲ್ಲಿ ಸೀರೆ ಅಡ್ಡ ಕಟ್ಟಿಕೊಂಡು ಇದ್ದಾರೆ.

ಅದಿರಲಿ, ನಿನ್ನ ಮಗರಾಯ ಕೊಕ್ಕರೆಗೆ ಏನಾಗಿದೆ? ತಂಗಿಯ ಚೀಲದಲ್ಲಿ ಎರಡು ಸಾಲು ಬರೆದಿಡಲೂ ಆಗಲಿಲ್ಲವೇ? ಕಾಲು ಉದ್ದ ಆದ ಹಾಗೆಲ್ಲ ಚಿಕ್ಕಮ್ಮ ಮರೆತುಹೋದಳೋ ಏನೋ. ಕಿವಿ ಹಿಂಡುತ್ತೇನೆ ಎಂದು ಹೇಳು. ಸ್ಟೂಲು ಹತ್ತಿಯಾದರೂ ಸರಿ.

ಟಪಾಲು ನಿಂತಿದೆಯಲ್ಲ, ತರಕಾರಿ ಸಾಗಿಸುವ ಲಾರಿ ಮಾಮನ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ. ಉತ್ತರವನ್ನೂ ಅವರಿಗೇ ಕೊಡು.

ನಿನ್ನ ಗಿಣಿ


ಜೂನ್ 19

ಗಿಣಿ,

ನಿನ್ನ ಕಾಗದ ಓದಿದೆ. ಅಕ್ಷರ ಇನ್ನೂ ಕಾಗೆ ಕಾಲೇ. ಮಕ್ಕಳಿಗೆ ಬೋರ್ಡಿನ ಮೇಲೆ ಹೀಗೇ ಬರೆಯುತ್ತೀಯಾ?

ಕೆಲವು ಮಾತು, ಗಮನವಿಟ್ಟು ಕೇಳು. ಅವಳನ್ನು ಕಿಟಕಿಯ ಪಕ್ಕ ಮಲಗಿಸಬೇಡ. ಚಪ್ಪಲಿ ಬಿಚ್ಚೆಂದು ಒತ್ತಾಯಿಸಬೇಡ. ಬಾಗಿಲು ಬಡಿದರೆ ಅವಳನ್ನು ತೆಗೆಯಲು ಕಳಿಸಬೇಡ. ಶಾಲೆಯಲ್ಲೂ ಮನೆಯಲ್ಲೂ ಸಾಸಿವೆ ಎಂದೇ ಕರೆ. ಪೂರ್ತಿ ಹೆಸರು ಹಿಡಿದು ಬೀದಿಯಲ್ಲಿ ಕೂಗಬೇಡ. ಯಾಕೆ ಏನು ಎಂದು ತಲೆ ತಿನ್ನಬೇಡ, ಹೇಳಿದಷ್ಟು ಮಾಡು.

ಕೊಕ್ಕರೆ ಗ್ಯಾರೇಜಿಗೆ ಸೇರಿದ್ದಾನೆ. ಕೈಯೆಲ್ಲ ಗ್ರೀಸು, ಪೆನ್ನು ಹಿಡಿದರೆ ಕಾಗದ ಹಾಳು. ಬೆಳಿಗ್ಗೆ ಹೋದರೆ ಬರುವುದು ಯಾವಾಗಲೋ. ನಿನ್ನನ್ನು ಕೇಳಿದ ಎಂದು ಬರೆಯಲು ಹೇಳಿದ್ದಾನೆ.

ಇಲ್ಲಿ ಎಲ್ಲ ತಣ್ಣಗಿದೆ. ದೂರದಲ್ಲಿ ಆಗೊಮ್ಮೆ ಈಗೊಮ್ಮೆ ಸದ್ದು ಕೇಳುತ್ತದೆ, ಅಷ್ಟೇ. ಶಾಲೆ ತೆರೆದಿಡುವವರು ಒಬ್ಬರು ಬೇಕಲ್ಲ, ಅದಕ್ಕೆ ನಾನು ಇದ್ದೇನೆ. ಮೊದಲಿನ ಹಾಗೆ ಬಾ ಬಾ ಎಂದು ಮತ್ತೆ ರಾಗ ಎಳೆಯಬೇಡ.

ಅವಳ ಗಣಿತ ಚುರುಕು. ಭಾಗಾಕಾರದಲ್ಲಿ ಶೇಷ ಬರೆಯುವುದನ್ನು ಮರೆಯುತ್ತಾಳೆ, ನೋಡಿಕೋ.

ಅಕ್ಕ


ಜುಲೈ 3

ಅಕ್ಕಾ,

ಹೋದ ಸಲ ನಿನಗೆ ಸುಳ್ಳು ಬರೆದೆ. ಗಾಬರಿಯಾಗುತ್ತೀಯೆಂದು ಬರೆದೆ. ಇನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ.

ಸಾಸಿವೆ ಬಂದಾಗಿನಿಂದ ಬಾಯಿ ಬಿಟ್ಟಿಲ್ಲ. ಒಂದು ಮಾತು ಇಲ್ಲ. ಹಸಿವಾದರೆ ತಟ್ಟೆಯ ಹತ್ತಿರ ಬಂದು ನಿಲ್ಲುತ್ತಾಳೆ. ಲೆಕ್ಕ ಕೊಟ್ಟರೆ ಮಾಡುತ್ತಾಳೆ, ಶೇಷವನ್ನೂ ಬರೆಯುತ್ತಾಳೆ, ಆದರೆ ಪುಸ್ತಕದ ಮೇಲೆ ಹೆಸರು ಬರೆ ಎಂದರೆ ಪೆನ್ಸಿಲು ಕೆಳಗಿಟ್ಟುಬಿಡುತ್ತಾಳೆ. ಅವಳೊಬ್ಬಳೇ ಆಗಿದ್ದರೆ ಮುನಿಸು ಎನ್ನುತ್ತಿದ್ದೆ. ನಿನ್ನ ಶಾಲೆಯಿಂದ ಬಂದ ಮಕ್ಕಳೆಲ್ಲ ಹೀಗೇ. ಬೇರೆ ಊರುಗಳ ಮಕ್ಕಳು ಅಳುತ್ತವೆ, ಜಗಳವಾಡುತ್ತವೆ, ಒಂದಿಬ್ಬರು ಬೆಂಚಿನ ಕೆಳಗೇ ಕೂರುತ್ತಾರೆ, ಆದರೆ ಹಾಜರಿ ಕರೆದರೆ "ಬಂದಿದ್ದೀನಿ ಟೀಚರ್" ಅನ್ನುತ್ತಾರೆ. ನಿನ್ನ ಮಕ್ಕಳು ಮಾತ್ರ ಹೆಸರು ಕಿವಿಗೆ ಬಿದ್ದ ಕೂಡಲೇ ತಲೆ ತಗ್ಗಿಸುತ್ತಾರೆ.

ಮುಖ ನೋಡಿ ಹಾಜರಿ ಹಾಕುತ್ತಿದ್ದೆ, ಹೇಗೋ ನಡೆಯುತ್ತಿತ್ತು. ಮೊನ್ನೆ ಇಲಾಖೆಯ ಅಧಿಕಾರಿ ಬಂದರು. ಎಲ್ಲೋ ಯಾರೋ ಇಲ್ಲದ ಮಕ್ಕಳ ಲೆಕ್ಕ ತೋರಿಸಿದರಂತೆ, ಅದಕ್ಕೆ ಈಗ ಅವರೇ ಹೆಸರು ಕರೆಯುತ್ತಾರೆ, ಮಗುವೇ ಓಗೊಡಬೇಕು. ಗಟ್ಟಿ ಗಂಟಲಿನ ಮನುಷ್ಯ. ನಿನ್ನ ಮಕ್ಕಳಲ್ಲಿ ಮೊದಲನೆಯವನ ಹೆಸರು ಕರೆದರೋ ಇಲ್ಲವೋ, ಅಷ್ಟೂ ಜನ ಒಂದೇ ಸಲಕ್ಕೆ ಹಣೆಯನ್ನು ಬೆಂಚಿಗೆ ಒತ್ತಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡರು. ಯಾರೋ ತಾಲೀಮು ಕೊಟ್ಟ ಹಾಗೆ. ಅಧಿಕಾರಿಯ ಮುಖ ಕೆಂಪಾಯಿತು.

"ಏನ್ರೀ ಟೀಚರ್, ನಾಟಕ ಕಲಿಸಿದ್ದೀರಾ?" ಅಂದರು.

"ಇಲ್ಲ ಸಾರ್, ಮಕ್ಕಳು ಹೆದರಿದ್ದಾವೆ."

"ಹೆದರಿರೋ ಮಕ್ಕಳು ಗೋದಾಮಲ್ಲಿ ಇನ್ನೂ ಬೇಕಾದಷ್ಟಿದ್ದಾರೆ. ಓಗೊಡೋರಿಗೆ ಜಾಗ ಕೊಡ್ತೀನಿ. ಆಗಸ್ಟಲ್ಲಿ ಮತ್ತೆ ಬರ್ತೀನಿ, ಆಗಲೂ ಹೀಗೇ ಆದ್ರೆ ಇವರ ಹೆಸರು ಹೊಡೆದುಹಾಕ್ತೀನಿ."

ಹೆಡ್‌ಮಾಸ್ತರು ಒಳ್ಳೆಯವರು, ಆದರೆ ಅವರ ಕೈಯಲ್ಲೇನಿದೆ? ಇಲ್ಲಿಂದ ಹೆಸರು ಹೋದರೆ ಈ ಮಕ್ಕಳಿಗೆ ಬೇರೆ ಶಾಲೆಯಿಲ್ಲ. ಇನ್ನೊಂದು ವರ್ಷ ಹೋದರೆ ಮತ್ತೆ ಸ್ಲೇಟು ಹಿಡಿಯುತ್ತಾರೆಂಬ ನಂಬಿಕೆ ನನಗಿಲ್ಲ.

ಗೋದಾಮಿಗೆ ಹೋಗಿ ಒಬ್ಬ ಹುಡುಗನ ತಾಯಿಯನ್ನು ಕೇಳಿದೆ. ಆಕೆ ಬಟ್ಟೆ ಹಿಂಡುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ನಿಮ್ಮಕ್ಕ ನಿಮಗೆ ಹೇಳಿಲ್ವಾ? ಹಾಗಾದ್ರೆ ನನ್ನ ಬಾಯಿಂದ ಬೇಡ ಬಿಡೀಮ್ಮ" ಅಂದು ಒಳಗೆ ಹೋದಳು.

ಏನಕ್ಕಾ ಅದು? ಎಲ್ಲರಿಗೂ ಗೊತ್ತಿರುವುದು ನನಗೊಬ್ಬಳಿಗೆ ಯಾಕೆ ಗೊತ್ತಿಲ್ಲ?

ಗಿಣಿ


ಜುಲೈ 15

ಗಿಣಿ,

ತಾಲೀಮು ಕೊಟ್ಟವಳು ನಾನೇ. ಯಾರು ಹೆಸರು ಕರೆದರೂ ಓಗೊಡಬೇಡಿ, ಮುಖ ತೋರಿಸಬೇಡಿ, ಎಲ್ಲೂ ಹೆಸರು ಬರೆಯಬೇಡಿ ಎಂದು ದಿನಾ ಕಲಿಸಿದೆ. ಮಗ್ಗಿ ಕಲಿಸಿದ ಹಾಗೆ ಕಲಿಸಿದೆ. ಮರೆತಿಲ್ಲವೆಂದು ನೀನೇ ಬರೆದಿದ್ದೀಯ. ನನಗೆ ಸಮಾಧಾನವಾಯಿತು.

ಇಲ್ಲಿ ಹಾಜರಿ ಪುಸ್ತಕ ಕೈಗೆತ್ತಿಕೊಂಡು ಹೆಸರು ಕರೆಯುವವರು ಬೇರೆ ಜನ. ಇದಕ್ಕಿಂತ ಹೆಚ್ಚು ಕಾಗದದಲ್ಲಿ ಬರೆಯುವುದಿಲ್ಲ. ಚೆಕ್‌ಪೋಸ್ಟಿನಲ್ಲಿ ಲಕೋಟೆ ಒಡೆದು ಓದುತ್ತಾರೆ.

ನೀನು ಅದನ್ನು ಬಿಡಿಸಲು ಹೋಗಬೇಡ. ಅಲ್ಲಿ ಇವತ್ತು ಶಾಂತವಾಗಿದೆ, ಒಪ್ಪಿದೆ. ನಮ್ಮ ಬೀದಿಯೂ ಶಾಂತವಾಗಿಯೇ ಇತ್ತು. ಜಾಗ ಹೋದರೆ ಹೋಗಲಿ, ಮನೆಯಲ್ಲಿ ಕೂರಿಸಿ ಕಲಿಸು. ಶಾಲೆ ಇಲ್ಲದೆ ಬದುಕಬಹುದು. ಓಗೊಟ್ಟರೆ ನನ್ನಾಣೆ.

ಈ ಕಾಗದವನ್ನು ಅವಳಿಗೆ ಓದಿ ಹೇಳಬೇಡ.

ಅಕ್ಕ


ಜುಲೈ 24

ಅಕ್ಕಾ,

ಆಣೆಯಂತೆ ಆಣೆ! ಶಾಲೆ ಇಲ್ಲದೆ ಬದುಕಬಹುದು ಎಂದು ಬರೆದದ್ದು ನೀನೇನಾ? ಜ್ವರ ಬಂದರೂ ನನ್ನನ್ನು ದರದರ ಎಳೆದುಕೊಂಡು ಶಾಲೆಗೆ ಹೋಗುತ್ತಿದ್ದವಳು ನೀನು. ನನ್ನ ಸ್ಲೇಟು ಒಡೆದಾಗ ನಿನ್ನದನ್ನು ಕೊಟ್ಟು, ಎಂಥ ಏಟು ತಿಂದೆ ಅವತ್ತು.

ಕೋಪದಲ್ಲಿ ಬರೆಯುತ್ತಿದ್ದೇನೆ, ಬರೆದೇ ಬಿಡುತ್ತೇನೆ. ನಿನ್ನ ಬುದ್ಧಿಗೆ ಮಂಕು ಕವಿದಿದೆ. ಮಕ್ಕಳನ್ನು ಉಳಿಸಲು ಕಲಿಸಿದ್ದು ಅಲ್ಲಿ ಸರಿ. ಇಲ್ಲಿ ಅದೇ ಅವರನ್ನು ಮುಗಿಸುತ್ತಿದೆ. ನಿನ್ನ ಮಗಳು ದಿನದಿಂದ ದಿನಕ್ಕೆ ಚಿಕ್ಕವಳಾಗುತ್ತಿದ್ದಾಳೆ. ನೆರಳಿನ ಹಾಗೆ ಗೋಡೆ ಹಿಡಿದು ಓಡಾಡುತ್ತಾಳೆ. ಹೆಸರಿಲ್ಲ, ಮಾತಿಲ್ಲ. ಬದುಕಿಸಿ ಕಳಿಸಿದೆ ಎಂದುಕೊಂಡಿದ್ದೀಯಲ್ಲ, ಇದು ಬದುಕೇ?

ನೀನಂತೂ ಮನೆಗೋಡೆ ತಬ್ಬಿಕೊಂಡು ಕೂತಿದ್ದೀಯ. ಇಟ್ಟಿಗೆಗೆ ಇರುವ ಬೆಲೆ ಮಗಳಿಗಿಲ್ಲ. ಹೋಗಲಿ, ಕೊಕ್ಕರೆಯನ್ನಾದರೂ ಕಳಿಸು. ಅವನ ವಯಸ್ಸಿಗೆ ಹೈಸ್ಕೂಲಿನಲ್ಲಿರಬೇಕು, ಗ್ಯಾರೇಜಿನಲ್ಲಿ ನಟ್ಟು ತಿರುಗಿಸುವುದಲ್ಲ. ಅಣ್ಣ ಬಂದರೆ ಇವಳು ಮಾತಾಡಿಯಾಳು. ಮೊನ್ನೆ ನಾನು ಸುಮ್ಮನೆ "ನಿಮ್ಮಣ್ಣನ್ನ ಕರೆಸ್ಲೇನೇ?" ಎಂದೆ. ಊಟದ ತಟ್ಟೆ ಬಿಟ್ಟು ಎದ್ದು ಹೋಗಿ ಅಟ್ಟದ ಏಣಿಯ ಕೆಳಗೆ ಕೂತಳು. ಅಷ್ಟು ನೆನಪಾಗುತ್ತಿದೆ ಅವಳಿಗೆ ಅಣ್ಣನದು, ಕಲ್ಲೆದೆಯವಳೇ.

ನಾನು ನಿನ್ನ ಆಣೆ ಒಪ್ಪುವುದಿಲ್ಲ.

ಗಿಣಿ


ಆಗಸ್ಟ್ 4

ಅಕ್ಕಾ,

ಲಾರಿ ಮಾಮ ಬರಿಗೈಯಲ್ಲಿ ಬಂದರು. "ಕಾಗದ ಕೊಟ್ಟೆನಮ್ಮ, ಅಲ್ಲೇ ನಿಂತು ಓದಿದ್ರು, ಮಡಚಿ ಇಟ್ಕೊಂಡ್ರು, ಒಳಗೆ ಹೋದ್ರು" ಅಂದರು. ಎಲ್ಲಿ ಕೊಟ್ಟಿರಿ ಎಂದು ಕೇಳಿದರೆ "ಶಾಲೇಲಿ" ಅಂದರು. ಪ್ರತಿ ಸಲವೂ ಶಾಲೆಯಲ್ಲೇ ಕೊಡುತ್ತಾರಂತೆ. ಮನೆ ಎಲ್ಲಿದೆಯೆಂದೇ ಅವರಿಗೆ ಗೊತ್ತಿಲ್ಲವಂತೆ.

ಹೊಳೆಯ ಸೇತುವೆಗೆ ಪೆಟ್ಟು ಬಿದ್ದಿದೆಯಂತೆ, ಒಂದೊಂದೇ ಗಾಡಿ ಬಿಡುತ್ತಾರಂತೆ. ನೀನು ತಣ್ಣಗಿದೆ ಎಂದು ಬರೆದ ಊರು ಅದೇನಾ?

ಇಟ್ಟಿಗೆಯ ಮಾತು ಆಡಬಾರದಿತ್ತು. ನನ್ನ ನಾಲಿಗೆಗೆ ಮೂಳೆಯಿಲ್ಲ. ಬೈದು ಒಂದು ಸಾಲು ಬರೆ, ಸಾಕು. ನಿನ್ನ ಬೈಗುಳ ಕೇಳದೆ ಊಟ ಸೇರುತ್ತಿಲ್ಲ.

ಗಿಣಿ


ಆಗಸ್ಟ್ 14

ಅಕ್ಕಾ,

ನಿನ್ನಿಂದ ಇನ್ನೂ ಕಾಗದವಿಲ್ಲ. ಆದರೂ ಇದನ್ನು ಬರೆಯಲೇಬೇಕು. ಕೂತು ಓದು.

ಅಧಿಕಾರಿ ಇವತ್ತು ಬಂದರು. ನನಗೊಂದು ಉಪಾಯ ಹೊಳೆದಿತ್ತು. ದೊಡ್ಡವರು ಕರೆದರೆ ತಾನೇ ಇವರಿಗೆ ಭಯ? ಮಕ್ಕಳೇ ಕರೆಯಲಿ ಎಂದುಕೊಂಡೆ. ಎರಡು ವಾರದಿಂದ ನಾನು ಹಾಜರಿ ಕರೆಯುವುದನ್ನೇ ನಿಲ್ಲಿಸಿ ದಿನಕ್ಕೊಂದು ಮಗುವನ್ನು ನನ್ನ ಕುರ್ಚಿಯಲ್ಲಿ ಕೂರಿಸಿದ್ದೆ. ನಾನು ಹಿಂದಿನ ಬೆಂಚಿನಲ್ಲಿ ಕೂತು ಮಂಡಿ ಮಡಚಲಾಗದೆ ಒದ್ದಾಡುತ್ತಿದ್ದೆ. ನನ್ನ ಹೆಸರು ಕರೆದರೆ ನಾನು ಕೈ ಎತ್ತಿ "ಬಂದಿದ್ದೀನಿ!" ಎಂದು ಕಿರುಚಬೇಕು. ಮಕ್ಕಳಿಗೆ ಒಳ್ಳೆಯ ಮಜಾ. ಬೇಕೆಂದೇ ತಡವಾಗಿ ಓಗೊಟ್ಟರೆ ಗದರುತ್ತಿದ್ದವು. ನಿನ್ನ ಶಾಲೆಯ ಒಂದು ಪುಟ್ಟ ಹುಡುಗಿ ಮೊನ್ನೆ ನಕ್ಕಳು ಸಹ. ಸಾಸಿವೆ ಮಾತ್ರ ಒಮ್ಮೆಯೂ ಕುರ್ಚಿಗೆ ಬಂದಿರಲಿಲ್ಲ.

ಅಧಿಕಾರಿ ಬಂದು ಪುಸ್ತಕಕ್ಕೆ ಕೈ ಚಾಚಿದರು. "ಸಾರ್, ಇಲ್ಲಿ ಮಕ್ಕಳೇ ಕರೆಯೋದು" ಎಂದೆ. "ಇದ್ಯಾವ ಪದ್ಧತಿ?" ಎಂದರು. ಅಷ್ಟರಲ್ಲಿ ಸಾಸಿವೆ ಎದ್ದಳು. ಯಾರೂ ಹೇಳಲಿಲ್ಲ. ಎದ್ದು ಬಂದು ಕುರ್ಚಿಯ ಪಕ್ಕ ನಿಂತಳು. ಪುಸ್ತಕ ತೆರೆಯಲಿಲ್ಲ, ಅದನ್ನು ನೋಡಲೂ ಇಲ್ಲ.

ಒಂದು ಹೆಸರು ಕರೆದಳು. ಇಷ್ಟು ದಿನಕ್ಕೆ ಅವಳ ಗಂಟಲಿಂದ ಬಂದ ಮೊದಲ ಮಾತು ಅದು, ಒಡೆದ ಗಂಟಲು. ನನ್ನ ತರಗತಿಯಲ್ಲಿ ಆ ಹೆಸರಿನವರು ಇಲ್ಲ. ಅದು ಕೊಕ್ಕರೆಯ ಹೆಸರು, ಅಕ್ಕಾ. ಕರೆದು ಕೊನೆಯ ಬೆಂಚಿನ ಕಡೆ ನೋಡುತ್ತ ಕಾದಳು.

"ಯಾರ್ರೀ ಅದು?" ಎಂದರು ಅಧಿಕಾರಿ. "ಕಾಯಿರಿ ಸಾರ್" ಎಂದೆ. ನಾನು ಅಷ್ಟು ಗಟ್ಟಿಯಾಗಿ ಯಾವ ಅಧಿಕಾರಿಗೂ ಹೇಳಿದವಳಲ್ಲ.

ಇನ್ನೊಂದು ಹೆಸರು. ಯಾರೂ ಇಲ್ಲ, ಕಾದಳು. ಮತ್ತೊಂದು, ಮತ್ತೆ ಕಾದಳು. ನಿನ್ನ ಶಾಲೆಯ ಮಕ್ಕಳು ಬೆಂಚಿಗೆ ಹಣೆ ಒತ್ತಲಿಲ್ಲ ಈ ಸಲ. ಒಬ್ಬ ಹುಡುಗನ ಕಣ್ಣಿಂದ ನೀರು ಸುಮ್ಮನೆ ಇಳಿಯುತ್ತಿತ್ತು. ಹಾಗೆ ಕರೆದೂ ಕರೆದೂ ಕೊನೆಗೆ ಇಲ್ಲಿ ಕೂತಿದ್ದ ಮಕ್ಕಳ ಹೆಸರು ಬಂತು. "ಬಂದಿದ್ದೀನಿ" ಎಂದ ಆ ಹುಡುಗ. ಆಮೇಲೆ ಆ ಪುಟ್ಟ ಹುಡುಗಿ. ಒಬ್ಬೊಬ್ಬರಾಗಿ ಎಲ್ಲರೂ.

ಕೊನೆಗೆ ತನ್ನ ಹೆಸರು ತಾನೇ ಕರೆದಳು. ಕಾದಳು. ಬಾಯಿ ತೆರೆಯಲಿಲ್ಲ. ಹೋಗಿ ತನ್ನ ಜಾಗದಲ್ಲಿ ಕೂತು ಮತ್ತೆ ಮೊದಲಿನ ಹಾಗಾದಳು.

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಓಗೊಟ್ಟವರಿಗೆಲ್ಲ ಜಾಗ ಖಾಯಂ ಮಾಡಿದರು. ಸಾಸಿವೆಯದು ಮಾತ್ರ ಆಗಲಿಲ್ಲ. "ನನಗೂ ಮೇಲಿನವರಿದ್ದಾರೆ ಟೀಚರ್. ಈ ಹುಡುಗಿ ಓಗೊಡ್ಲಿ, ಹೆಡ್‌ಮಾಸ್ತರು ಕೇಳಿಸ್ಕೊಂಡು ಸಹಿ ಹಾಕ್ಲಿ, ಸಾಕು. ಸೆಪ್ಟೆಂಬರ್ ಮೊದಲ ವಾರದವರೆಗೆ ಹಿಡಿದಿಡ್ತೀನಿ" ಎಂದರು. ಅಷ್ಟು ದೊಡ್ಡ ದನಿ ಎಲ್ಲಿಗೆ ಹೋಗಿತ್ತೋ.

ಅಕ್ಕಾ, ಕೊಕ್ಕರೆ ಗ್ಯಾರೇಜಿನಲ್ಲಿಲ್ಲ. ಅಲ್ಲವೇ?

ಗಿಣಿ


ಆಗಸ್ಟ್ 23

ಗಿಣಿ,

ಇದು ಲಾರಿ ಮಾಮನ ಊಟದ ಡಬ್ಬಿಯ ತಳದಲ್ಲಿ ಬರುತ್ತಿದೆ. ಎಣ್ಣೆ ಹತ್ತಿದ್ದರೆ ಮೂಗು ಮುರಿಯಬೇಡ. ಹಳೆಯ ಪ್ರಶ್ನೆಪತ್ರಿಕೆಯ ಬೆನ್ನಲ್ಲಿ ಬರೆಯುತ್ತಿದ್ದೇನೆ, ಬೇರೆ ಕಾಗದವಿಲ್ಲ.

ಇಲ್ಲ. ಅವನು ಗ್ಯಾರೇಜಿನಲ್ಲಿಲ್ಲ. ಗ್ಯಾರೇಜೂ ಇಲ್ಲ. ನೀನು ತಬ್ಬಿಕೊಂಡಿದ್ದೀಯ ಎಂದ ಗೋಡೆಯೂ ಇಲ್ಲ, ನಮ್ಮ ಬೀದಿಯ ಅರ್ಧ ಮನೆಗಳ ಜೊತೆ ಬೇಸಿಗೆಯಲ್ಲೇ ಬಿತ್ತು. ನಾನು ಶಾಲೆಯಲ್ಲೇ ಇದ್ದೇನೆ. ನಿನ್ನ ಮೇಲೆ ಸಿಟ್ಟಿಲ್ಲ. ನೀನು ಬೈದದ್ದು ನನಗೆ ಹಿತವಾಗಿತ್ತು, ಏನೂ ಆಗಿಲ್ಲವೆಂಬಂತೆ ಬೈಯುವವರು ಒಬ್ಬರಾದರೂ ಇದ್ದರಲ್ಲ ಎಂದು. ನಿನಗೆ ಬರೆದರೆ ನಿಜವಾಗಿಬಿಡುತ್ತದೆ ಎಂದು ಬರೆಯಲಿಲ್ಲ.

ಪರೀಕ್ಷೆಗೆ ಮುಂಚೆ ಒಂದು ಬೆಳಿಗ್ಗೆ ಬಂದೂಕಿನವರು ಬಂದರು. ದೊಡ್ಡ ಮಕ್ಕಳು ಬೇಕಿತ್ತು ಅವರಿಗೆ. ಹಾಜರಿ ಪುಸ್ತಕ ಮೇಜಿನ ಮೇಲೇ ಇತ್ತು. "ಕರೀರಿ ಟೀಚರ್" ಅಂದರು. ಗಂಟಲು ಕಟ್ಟಿದೆ ಎಂದು ಸನ್ನೆ ಮಾಡಿದೆ. ಒಬ್ಬ ಪುಸ್ತಕ ಎಳೆದುಕೊಂಡು ತಾನೇ ಕರೆದ. ಎಲ್ಲ ಮಕ್ಕಳಿಗೂ ಒಂದೇ ಕೋಣೆ, ಒಂದೇ ಪುಸ್ತಕ; ದೊಡ್ಡ ತರಗತಿ ಮೊದಲು ಬರೆಯುವುದು ನನ್ನ ರೂಢಿ, ಆದ್ದರಿಂದ ಮೊದಲ ಹೆಸರು ಕೊಕ್ಕರೆಯದೇ. ನನ್ನ ಮಗ ಜಾಣ, ತಲೆ ತಗ್ಗಿಸಿ ಕೂತ. ಯಾರೂ ಕದಲಲಿಲ್ಲ. ಅವನು ಇವತ್ತು ಬಂದಿಲ್ಲವೆಂದುಕೊಂಡು ಆ ಮನುಷ್ಯ ಬೆರಳನ್ನು ಮುಂದಿನ ಹೆಸರಿಗೆ ಸರಿಸಿದ್ದ.

ನನ್ನ ಶಾಲೆಯ ನಿಯಮ ನಿನಗೆ ಗೊತ್ತು. ಹೆಸರು ಕರೆದಾಗ ಯಾರಾದರೂ ಕನಸು ಕಾಣುತ್ತಿದ್ದರೆ ಹತ್ತಿರದವರು ಎಚ್ಚರಿಸಬೇಕು. ಸಾಸಿವೆ ಮುಂದಿನ ಸಾಲಿನಿಂದ ತಿರುಗಿ, "ಅಣ್ಣಾ, ನಿನ್ನನ್ನೇ ಕರೆದ್ರು, ಎದ್ದೇಳೋ" ಅಂದಳು.

ಅವನು ಅವಳನ್ನು ನೋಡಿದ. ಎದ್ದು ನಿಂತು, ಮೂಗಿನೊಳಗೆ ಗೊಣಗದೆ, ನಾನು ಕಲಿಸಿದಷ್ಟೇ ಗಟ್ಟಿಯಾಗಿ "ಬಂದಿದ್ದೀನಿ" ಅಂದ. ಅವನು ಎದ್ದ ಮೇಲೆ ಅವನ ಜೊತೆಯವರು ಕೂತಿರುತ್ತಾರೆಯೇ? ಅಷ್ಟೂ ಜನರನ್ನು ಟ್ರಕ್ಕಿಗೆ ಹತ್ತಿಸಿಕೊಂಡು ಹೋದರು. ಆಮೇಲೆ ಒಬ್ಬರ ಸುದ್ದಿಯೂ ಇಲ್ಲ.

ಉಳಿದ ಚಿಕ್ಕವರನ್ನು ಕೂರಿಸಿಕೊಂಡು ನಾನು ಹೊಸ ನಿಯಮ ಹೇಳಿದೆ. ಹೆಸರು ಕರೆದರೆ ಓಗೊಡಬೇಡಿ, ಬಾಯಿ ಬಿಡಬೇಡಿ. ಹೇಳುವಾಗ ಎಲ್ಲರ ಮುಖ ನೋಡಿದೆ, ಅವಳ ಮುಖ ಮಾತ್ರ ನೋಡಲಿಲ್ಲ. ಆಗಲಿಲ್ಲ ಗಿಣಿ, ನೋಡಿದರೆ ಏನಾಗುತ್ತಿತ್ತೋ ಎಂದು ನನಗೇ ಭಯವಾಯಿತು. ನಾನು ಹೇಳಿದ್ದು ಎಚ್ಚರಿಕೆ ಎಂದೇ ಇಷ್ಟು ದಿನ ತಿಳಿದಿದ್ದೆ. ನಿನ್ನ ಕಾಗದ ಓದಿದ ಮೇಲೆ ಗೊತ್ತಾಯಿತು, ಅವಳಿಗೆ ಅದು ಶಿಕ್ಷೆಯಾಗಿ ಕೇಳಿಸಿದೆ. ಅಣ್ಣನನ್ನು ಕಳೆದದ್ದು ತನ್ನ ಬಾಯಿ, ಅದಕ್ಕೆ ಅಮ್ಮ ಆ ಬಾಯಿಗೆ ಬೀಗ ಹಾಕಿದಳು ಎಂದುಕೊಂಡಿದ್ದಾಳೆ ನನ್ನ ಕಂದ.

ನೀನು ಬರೆದೆ, ಅವಳು ಕರೆದು ಕಾದಳೆಂದು. ಅದು ನನ್ನಿಂದಲೇ ಕಲಿತದ್ದು. ದಿನಾ ಬೆಳಿಗ್ಗೆ ಬಾಗಿಲು ತೆಗೆದು ಖಾಲಿ ಬೆಂಚುಗಳಿಗೆ ಹಾಗೆ ಕರೆದು ಕಾಯುತ್ತೇನೆ. ಅವಳು ಹೊರಡುವವರೆಗೂ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಅವನು ಬಂದರೆ ಇಲ್ಲಿಗೇ ಬರಬೇಕು, ಮನೆಯಿಲ್ಲವಲ್ಲ. ಅದಕ್ಕೇ ನಾನು ಇಲ್ಲಿಂದ ಕದಲುವುದಿಲ್ಲ.

ಆಣೆ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಕೈ ಬರುತ್ತಿಲ್ಲ, ಆದರೂ ತೆಗೆದುಕೊಂಡೆ. ಕೆಳಗಿನದು ಅವಳಿಗೆ. ಹರಿದು ಕೊಡು, ಅವಳೇ ಓದಿಕೊಳ್ಳಲಿ.

ಅಕ್ಕ

ಸಾಸಿವೆ,

ಅಣ್ಣನನ್ನು ಕರೆದುಕೊಂಡು ಹೋದದ್ದು ಬಂದೂಕು, ನಿನ್ನ ಮಾತಲ್ಲ. ನೀನು ಟೀಚರ್ ಹೇಳಿದ ನಿಯಮ ಪಾಲಿಸಿದೆ. ಟೀಚರಿಗೆ ನಿನ್ನ ಮೇಲೆ ಕೋಪವಿಲ್ಲ. ಅಮ್ಮನಿಗೂ ಇಲ್ಲ, ಅಣ್ಣನಿಗೂ ಇಲ್ಲ. ಅವನು ಹೊರಡುವಾಗ ನಿನ್ನ ತಲೆ ಸವರಿದ್ದನ್ನು ನಾನು ನೋಡಿದೆ. ನೀನೂ ನೆನಪಿಸಿಕೋ.

ಆಮೇಲೆ ನಾನು ಹೇಳಿಕೊಟ್ಟ ನಿಯಮ ಇವತ್ತಿಗೆ ಮುಗಿಯಿತು. ಚಿಕ್ಕಮ್ಮ ಕರೆದರೆ ಓಗೊಡು. ಗಟ್ಟಿಯಾಗಿ.

ಅಮ್ಮ


ಸೆಪ್ಟೆಂಬರ್ 2

ಅಕ್ಕಾ,

ನಿನ್ನ ಕಾಗದ ಓದಿ ಎಷ್ಟು ಅತ್ತೆನೆಂದು ಬರೆಯುವುದಿಲ್ಲ, ಲಾರಿ ಹೊರಡುವ ಹೊತ್ತಾಗಿದೆ. ನಾನು "ಅಣ್ಣನ್ನ ಕರೆಸ್ಲೇನೇ" ಎಂದು ಕೇಳಿದ್ದೆನಲ್ಲ, ನನ್ನ ಬಾಯಿಗೆ ಮಣ್ಣು ಹಾಕ.

ಸಾಸಿವೆ ಚೀಟಿ ತೆಗೆದುಕೊಂಡು ಏಣಿಯ ಕೆಳಗೆ ಹೋದಳು. ನಾನು ಪಾತ್ರೆ ತೊಳೆದೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಬಹಳ ಹೊತ್ತಾದ ಮೇಲೆ ಈಚೆಗೆ ಬಂದು ನನ್ನ ಸೆರಗು ಎಳೆದಳು. "ಚಿಕ್ಕಮ್ಮಾ, ಅಣ್ಣನ ಹೆಸರೂ ಪುಸ್ತಕದಲ್ಲಿ ಬರೀತೀಯಾ?" ಅಂದಳು. ನಿಯಮದ ಪ್ರಕಾರ ಬರೆಯುವಂತಿಲ್ಲ. ಎಲ್ಲಕ್ಕಿಂತ ಮೇಲೆ, ಅಂಚಿನಲ್ಲಿ, ಪೆನ್ಸಿಲಿನಿಂದ ಬರೆದೆ. ಹೆಡ್‌ಮಾಸ್ತರು ಕಣ್ಣಾಡಿಸಿ, ಕೆಮ್ಮಿ, ಕಿಟಕಿಯ ಕಡೆ ತಿರುಗಿಕೊಂಡರು.

ಇವತ್ತು ಬೆಳಿಗ್ಗೆ ಕುರ್ಚಿಯಲ್ಲಿ ನಾನೇ ಕೂತೆ. ಮೊದಲು ಕೊಕ್ಕರೆಯನ್ನು ಕರೆದು ಎಲ್ಲರೂ ಕಾದೆವು. ಆಮೇಲೆ ಉಳಿದವರು. ಅವಳ ಹೆಸರು ಬಂತು. ಕರೆದೆ. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎದ್ದಳು. "ಬಂದಿದ್ದೀನಿ ಚಿಕ್ಕಮ್ಮಾ" ಅಂದಳು, ಮುಂದಿನ ಕಟ್ಟಡಕ್ಕೂ ಕೇಳುವ ಹಾಗೆ. ತರಗತಿಯಲ್ಲಿ ಚಿಕ್ಕಮ್ಮ ಅನ್ನಬಾರದು ಎಂದು ಗದರಬೇಕಿತ್ತು. ನೀನಾಗಿದ್ದರೆ ಗದರುತ್ತಿದ್ದೆ. ಹೆಡ್‌ಮಾಸ್ತರು ಅಲ್ಲೇ ನಿಂತು ಸಹಿ ಹಾಕಿದರು. ಜಾಗ ಅವಳದಾಯಿತು.

ಇನ್ನು ನಿನ್ನ ವಿಷಯ. ಸೇತುವೆ ಮುಚ್ಚುತ್ತಾರಂತೆ, ಇದೇ ಕೊನೆಯ ಸಲ ಹೋಗಿಬರುವುದು ಎಂದಿದ್ದಾರೆ ಲಾರಿ ಮಾಮ. ವಾಪಸು ಬರುವಾಗ ಪಕ್ಕದ ಸೀಟಿನಲ್ಲಿ ಬೇರೆ ಯಾರನ್ನೂ ಕೂರಿಸಬೇಡಿ ಎಂದು ಹೇಳಿದ್ದೇನೆ. ಜೊತೆಗೆ ಒಂದು ಡಬ್ಬಿ ಬಿಳಿ ಬಣ್ಣ, ಒಂದು ಕುಂಚ ಕಳಿಸಿದ್ದೇನೆ. ನಿನ್ನ ತರಗತಿಯ ಕಪ್ಪುಹಲಗೆಯ ಮೇಲೆ ನನ್ನ ಶಾಲೆಯ ವಿಳಾಸ ಬರೆದು ಬಾ, ಅಳಿಸದ ಹಾಗೆ, ದಪ್ಪ ಅಕ್ಷರದಲ್ಲಿ. ನನ್ನ ಕಾಗೆ ಕಾಲಲ್ಲ, ನಿನ್ನ ಮುತ್ತಿನ ಅಕ್ಷರದಲ್ಲಿ. ಕೊಕ್ಕರೆಗೆ ಓದಲು ಬರುತ್ತದೆ, ಕಲಿಸಿದವಳು ನೀನೇ. ಬಂದರೆ ಹುಡುಕಿಕೊಂಡು ಬರುತ್ತಾನೆ.

ಬರುವುದಿಲ್ಲ ಎನ್ನುವ ಮುಂಚೆ ಇದೊಂದನ್ನು ಕೇಳು. ಇವತ್ತು ಹಾಜರಿ ಮುಗಿಸಿ ಪುಸ್ತಕ ಮುಚ್ಚುತ್ತಿದ್ದೆ. ಸಾಸಿವೆ ಮೇಜಿನ ಹತ್ತಿರ ಬಂದು, "ಇನ್ನೂ ಒಂದಿದೆ" ಅಂದಳು. ನಿನ್ನ ಹೆಸರು ಕರೆದಳು. ಅಮ್ಮ ಎಂದಲ್ಲ, ಟೀಚರ್ ಎಂದಲ್ಲ, ಬರೀ ಹೆಸರು. ಕರೆದು ಬಾಗಿಲ ಕಡೆ ತಿರುಗಿ ನಿಂತಳು. ಇಡೀ ತರಗತಿ ಬಾಗಿಲ ಕಡೆ ನೋಡಿತು. ಪಾಠ ಶುರುಮಾಡೋಣ ಎಂದರೆ ಒಬ್ಬರೂ ತಿರುಗಲಿಲ್ಲ. ನಾಳೆಯೂ ಕರೆಯುತ್ತಾಳಂತೆ, ನಾಡಿದ್ದೂ.

ಅಕ್ಕಾ, ಓಗೊಡು.

ಗಿಣಿ